ಬೆಂಕಿಯಲ್ಲಿ ಬೆಂದ ಹಲ್ಲು, ಗುಲಾಬಿ ಬಣ್ಣದ ಕೀಲು

ಬಳ್ಳಾರಿಯ ಹಲ್ಲಿನ ಲ್ಯಾಬ್‌ಗಳು ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ. ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲೋ, ಜೀನ್ಸ್ ಹೊಲಿಯುವ ಮನೆಗಳ ಸಾಲಿನ ನಡುವೆಯೋ ಒಂದು ಕೋಣೆ, ಬಾಗಿಲ ಮೇಲೆ ಪುಟ್ಟ ಬೋರ್ಡು, ಅಷ್ಟೇ. ಅಂಥ ಒಂದು ಕೋಣೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ. ಹೊರಗೆ ಕೋಟೆಗುಡ್ಡದ ಬಂಡೆಗಳು ಕಾದು ಊರಿಗೆಲ್ಲ ಝಳ ಹಾಯಿಸುತ್ತಿವೆ. ಒಳಗೆ ಎ.ಸಿ.ಯ ತಂಪಿನಲ್ಲಿ ಮಿಷನ್ನೊಂದು ಒಂದೇ ಸಮನೆ ಕೊರೆಯುತ್ತಿದೆ. ಗಾಜಿನ ಬಾಗಿಲ ಹಿಂದೆ, ಅಂಗೈಯಗಲದ ಒಂದು ಬಿಳಿ ಬಿಲ್ಲೆ. ವ್ಯಾಸ 98 ಮಿಲಿಮೀಟರ್. ಲ್ಯಾಬಿನವರ ಬಾಯಲ್ಲಿ ಅದು ‘ಡಿಸ್ಕ್’. ಜಿರ್ಕೋನಿಯಾ ಎಂಬ ಪಿಂಗಾಣಿ ಜಾತಿಯ ಪುಡಿಯನ್ನು ಒತ್ತಿ, ಅರ್ಧ ಮಾತ್ರ ಸುಟ್ಟು ಕಳುಹಿಸಿದ್ದು. ಈಗಿನ್ನೂ ಅದು ಸೀಮೆಸುಣ್ಣದಷ್ಟು ಮೆತ್ತಗೆ. ಬರ್ ಎಂಬ ಕೊರೆಯುಳಿ ತಾಗಿದಲ್ಲೆಲ್ಲ ಬಿಳಿ ಧೂಳು ಎದ್ದು ಗಾಜಿಗೆ ಮೆತ್ತಿಕೊಳ್ಳುತ್ತದೆ.

ಧೂಳಿನ ನಡುವಿಂದ ಮೆಲ್ಲಗೆ ಒಂದು ಹಲ್ಲು ರೂಪ ತಾಳುತ್ತದೆ. ಮೇಲಿನ ಸಾಲಿನ ಮುಂದಿನ ಹಲ್ಲು. ಆದರೆ ಯಾರ ಬಾಯಿಗೂ ಹಿಡಿಸದಷ್ಟು ದೊಡ್ಡದು. ತಪ್ಪಾಗಿ ಹಾಗಾದದ್ದಲ್ಲ. ಪೂರ್ತಿ ಸುಡುವಾಗ ಜಿರ್ಕೋನಿಯಾ ಎಲ್ಲ ದಿಕ್ಕಿನಲ್ಲೂ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಒಂದೊಂದು ಡಿಸ್ಕಿನ ಅಂಚಿನಲ್ಲೂ ಅಚ್ಚಾಗಿರುತ್ತದೆ. ಟೆಕ್ನಿಷಿಯನ್ ಆ ಸಂಖ್ಯೆಯನ್ನು ಕಂಪ್ಯೂಟರಿಗೆ ತುಂಬಿದ ಮೇಲೆ, ಅದು ಹಲ್ಲನ್ನು ಆ ಅಳತೆಗೆ ಹಿಗ್ಗಿಸಿ ಕೊರೆಯುತ್ತದೆ. ಸಂಖ್ಯೆಯೊಂದು ಹೆಚ್ಚು ಕಡಿಮೆಯಾದರೆ, ಮುರಿದ ಹಲ್ಲಿನ ಮೇಲೆ ತೊಡಿಸಬೇಕಾದ ಈ ಕ್ಯಾಪು ಕೂರುವುದೇ ಇಲ್ಲ.

ಸಂಜೆ ಕುಲುಮೆಗೆ ಇಟ್ಟದ್ದು ಬೆಳಗ್ಗೆ ಹೊರಗೆ ಬರುತ್ತದೆ. ಮೇಜಿನ ಮೇಲೆ ಕೂರುವಷ್ಟು ಸಣ್ಣ ಕುಲುಮೆಯಾದರೂ ಒಳಗಿನ ಬಿಸಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್. ಕುಂಬಾರರ ಆವಿಗೆಯಲ್ಲಿ ಮಡಕೆ ಬೇಯುವ ಬಿಸಿಗಿಂತ ಇದು ಎಷ್ಟೋ ಹೆಚ್ಚು. ಏರುವುದೂ ನಿಧಾನ, ಇಳಿಯುವುದೂ ನಿಧಾನ. ನಡುವೆ ಕರೆಂಟು ಕೈಕೊಟ್ಟರೆ ಆ ರಾತ್ರಿಯ ಹಲ್ಲುಗಳನ್ನು ನಂಬುವ ಹಾಗಿಲ್ಲ. ಅದಕ್ಕೇ ಕುಲುಮೆಗೆ ಬೇರೆಯದೇ ಯುಪಿಎಸ್. ಬೆಳಗ್ಗೆ ಬಾಗಿಲು ತೆಗೆದಾಗ ಅದೇ ಹಲ್ಲು ಕುಗ್ಗಿ, ತನ್ನ ಅಳತೆಗೆ ಬಂದು, ಬೆಳಕನ್ನು ತುಸು ಒಳಬಿಡುವಂತಾಗಿದೆ. ಈಗ ಅದನ್ನು ಉಜ್ಜಲು ವಜ್ರದ ಪುಡಿ ಮೆತ್ತಿದ ಬರ್ ಬೇಕು.

ಇಷ್ಟೂ ಮಿಷನ್ನಿನ ಕೆಲಸ. ಕೈಕೆಲಸ ಶುರುವಾಗುವುದು ಆಮೇಲೆ. ಈ ಹಲ್ಲು ಕುರುಗೋಡು ಕಡೆಯ, ಡಿಗ್ರಿ ಓದುವ ಹುಡುಗಿಗೆ. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಅರ್ಧಕ್ಕೆ ಮುರಿದಿದೆ. ದಂತವೈದ್ಯರು ಅವಳ ಪಕ್ಕದ ಹಲ್ಲುಗಳ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದಾರೆ. ಟೆಕ್ನಿಷಿಯನ್ ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾನೆ.

“ಎ-ಟು ಶೇಡ್ ಸಾಲಲ್ಲ ಸಾರ್. ಪಕ್ಕದ ಹಲ್ಲು ನೋಡ್ರಿ, ಮ್ಯಾಲೆ ಬಿಳಿ ಮಚ್ಚಿ, ನಡುವ ಕಂದು ಗೆರಿ. ಬರೇ ಬೆಳ್ಳಗ ಮಾಡಿ ಕೊಟ್ರ ಬಾಯಾಗ ಅದೊಂದೇ ಎದ್ದು ಕಾಣ್ತೈತಿ.”

ನಾಲ್ಕೈದು ಕೂದಲಿನ ಬ್ರಷ್ಷನ್ನು ಕಂದು ಬಣ್ಣದಲ್ಲಿ ಅದ್ದಿ, ಅಂಚಿಗೆ ಒರೆಸಿ, ಉಸಿರು ಹಿಡಿದು ಹಲ್ಲಿನ ನಡುವೆ ಒಂದು ಅಡ್ಡಗೆರೆ ಎಳೆಯುತ್ತಾನೆ. ಮೇಲೆ ಸುಣ್ಣದ ಬಿಳುಪಿನ ಎರಡು ಮಚ್ಚೆ. ಫೋಟೋ ನೋಡಿ, ಗೆರೆಯ ಒಂದು ತುದಿಯನ್ನು ಒದ್ದೆ ಬ್ರಷ್ಷಿನಿಂದ ಅಳಿಸಿ ಮಸುಕು ಮಾಡುತ್ತಾನೆ. ಮತ್ತೆ ಸಣ್ಣ ಕುಲುಮೆ, ಎಂಟುನೂರು ಡಿಗ್ರಿಯ ಆಸುಪಾಸಿನ ಬಿಸಿ, ಮೇಲೆ ಗ್ಲೇಜಿನ ಹೊಳಪು. ಹೊರಬಂದದ್ದು ಬಳ್ಳಾರಿ ಸೀಮೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲು.

ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ಹೋದವರು ಆ ಏಕಶಿಲೆಯ ಬೃಹತ್ ನಂದಿಯನ್ನು ನೋಡಿ ಬೆರಗಾಗಿ ಬರುತ್ತಾರೆ. ಊರ ಸುತ್ತ ಇರುವುದೂ ಕಲ್ಲಿನ ಗುಡ್ಡಗಳೇ. ಇಂಥ ಗ್ರಾನೈಟ್ ಶಿಲೆಗಳ ಒಳಗೆ ಅಭ್ರಕ, ಫ್ಲೋರೈಟ್, ಅಪಟೈಟ್ ಎಂಬ ಖನಿಜಗಳು ಅಡಗಿರುತ್ತವೆ. ಆಳದ ನೀರು ವರ್ಷಗಟ್ಟಲೆ ಕಲ್ಲಿನ ಬಿರುಕುಗಳಲ್ಲಿ ನಿಂತು ಅವುಗಳಿಂದ ಫ್ಲೋರೈಡನ್ನು ಹೀರಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ಬಾವಿಗಳಿರುವ ಜಿಲ್ಲೆಗಳ ಪಟ್ಟಿಯಲ್ಲಿ ಬಳ್ಳಾರಿ ಬಹಳ ಕಾಲದಿಂದ ಇದೆ.

ಹಲ್ಲಿನ ಹೊರಕವಚ, ಎನಾಮೆಲ್, ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿ ವಸ್ತು. ನೂರಕ್ಕೆ 96 ಪಾಲು ಖನಿಜ. ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ, ಸೆರಾಮಿಕ್ ಎನ್ನುವ ಪಿಂಗಾಣಿ ಕುಲಕ್ಕೇ ಸೇರಿದ ವಸ್ತು. ಗುಡ್ಡದ ಕಲ್ಲಿನಲ್ಲಿರುವ ಅಪಟೈಟ್ ಇದರದೇ ಒಡಹುಟ್ಟು. ಮುಂದಿನ ಹಲ್ಲುಗಳ ಎನಾಮೆಲ್ ಒಸಡಿನೊಳಗೆ ತಯಾರಾಗುವುದು ಹುಟ್ಟಿದಾಗಿನಿಂದ ಹೆಚ್ಚೂಕಡಿಮೆ ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಎನಾಮೆಲ್ ಕಟ್ಟುವ ಜೀವಕೋಶಗಳ ಕೆಲಸ ಕೆಡುತ್ತದೆ, ಗೋಡೆ ಟೊಳ್ಳಾಗಿಯೇ ಮುಗಿಯುತ್ತದೆ. ಹಲ್ಲು ಹುಟ್ಟುವಾಗ ಇರುವುದು ಬಿಳಿ ಮಚ್ಚೆ ಮಾತ್ರ. ಆ ಟೊಳ್ಳಿನೊಳಗೆ ಬಣ್ಣ ಇಳಿದಿಳಿದು ಕಂದು ಗೆರೆ ಮೂಡುವುದು ಆಮೇಲೆ. ಎಷ್ಟೋ ಹುಡುಗಿಯರು ನಗುವಾಗ ಸೆರಗೋ ದುಪಟ್ಟಾವೋ ಬಾಯಿಗೆ ಅಡ್ಡ ತರುವುದನ್ನು ಈ ಊರುಗಳಲ್ಲಿ ಯಾರು ಬೇಕಾದರೂ ಕಾಣಬಹುದು. ನಾಚಿಕೆ ಎಂದು ಹೊರಗಿನವರು ತಿಳಿಯುತ್ತಾರೆ.

ಜಗತ್ತಿನ ಅತ್ಯಂತ ನಾಜೂಕಾದ ಪಿಂಗಾಣಿಗೆ ನಮ್ಮ ನೀರಿನ ಕಲೆಯನ್ನು ಬ್ರಷ್ಷಿನಿಂದ ಬರೆಯಬೇಕಾಗಿ ಬಂದಿರುವುದು ನೋಡಲು ಸಂಕಟದ ಸಂಗತಿ. ಟೆಕ್ನಿಷಿಯನ್‌ನ ಕೈಚಳಕಕ್ಕೆ ತಲೆಬಾಗುತ್ತೇನೆ. ಆದರೆ ಒಂದು ಜಿರ್ಕೋನಿಯಾ ಕ್ಯಾಪಿಗೆ ತೆರುವ ಸಾವಿರಾರು ರೂಪಾಯಿಯ ಬದಲು, ಊರಿಗೆ ತುಂಗಭದ್ರೆಯ ನೀರು ಸರಿಯಾಗಿ ತಲುಪಿದರೆ ಮುಂದಿನ ಪೀಳಿಗೆಯ ಹಲ್ಲುಗಳು ಒಸಡಿನಿಂದಲೇ ಬೆಳ್ಳಗೆ ಬರುತ್ತವೆ. ಕಾಲುವೆಯ ನೀರು ಕುಡಿದ ಊರಿನ ಮಕ್ಕಳಿಗೂ ಬೋರ್‌ವೆಲ್ ನೀರು ಕುಡಿದ ಊರಿನ ಮಕ್ಕಳಿಗೂ ಬಾಯಿ ತೆರೆದರೇ ವ್ಯತ್ಯಾಸ ತಿಳಿಯುತ್ತದೆ ಎನ್ನುವುದು ಇಲ್ಲಿನ ದಂತವೈದ್ಯರು ಬಲ್ಲ ಮಾತು.

ಹಲ್ಲು, ಎಲುಬು ಎರಡೂ ಬಹುಪಾಲು ಖನಿಜವಾದ್ದರಿಂದಲೇ ಮಣ್ಣಿನೊಳಗೂ ಉಳಿಯುತ್ತವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಬೆಟ್ಟದ ಮೇಲೆ ಹೊಸ ಶಿಲಾಯುಗದ ಜನ ವಾಸವಿದ್ದರು. 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಲ್ಲಿ ಉತ್ಖನನ ಮಾಡಿದಾಗ ಮೂರೂವರೆ ಸಾವಿರ ವರ್ಷದಷ್ಟು ಹಳೆಯ ಮನುಷ್ಯರ ಅಸ್ಥಿಗಳು ಸಿಕ್ಕವು, ಕೆಲವು ಮಡಕೆಗಳ ಒಳಗೆ. ಬೆಂದ ಮಣ್ಣು ಹೊರಗೆ, ಅಪಟೈಟ್ ಒಳಗೆ. ಚರ್ಮ, ಬಟ್ಟೆ, ಮರ ಎಲ್ಲ ಹೋಗಿ ಇವೆರಡೇ ಉಳಿದವು. ಮುರಿದ ಎಲುಬಿನ ಜಾಗದಲ್ಲಿ ಮಣ್ಣಿನ ಕುಲದ ವಸ್ತುವನ್ನು ಕೂರಿಸುವ ಇಂದಿನ ವೈದ್ಯಕೀಯ ನನಗೆ ದೂರದ್ದೆನಿಸದೆ ಇರುವುದು ಇದಕ್ಕೇ.

ಆದರೆ ಎಲುಬಿಗೂ ಪಿಂಗಾಣಿಗೂ ಒಂದು ದೊಡ್ಡ ಅಂತರವಿದೆ. ಎಲುಬಿನ ಖನಿಜಕ್ಕೆ ಕೊಲಾಜೆನ್ ಎಂಬ ನಾರಿನ ಆಸರೆ ಇದೆ. ತುಸು ಬಾಗುತ್ತದೆ, ಬಿರುಕು ಬಿಟ್ಟರೆ ತಾನೇ ಕೂಡಿಕೊಳ್ಳುತ್ತದೆ. ಪಿಂಗಾಣಿಗೆ ಬಿರುಕು ಬಿಟ್ಟರೆ ಮುಗಿಯಿತು. ಸೊಂಟದ ಕೀಲಿಗೆ ಅದನ್ನು ಹಾಕುವ ಧೈರ್ಯ ಮಾಡಿದವರು ಫ್ರಾನ್ಸಿನ ಪೋ ಪಟ್ಟಣದ ಶಸ್ತ್ರವೈದ್ಯ ಪಿಯರ್ ಬೂತ್ಯಾಂ, 1970ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಲೋಹದ ಚೆಂಡು, ಪಾಲಿಥಿನ್ ಬಟ್ಟಲು ಜೋಡಿಸಿ ಕೀಲು ಬದಲಿಸಿ ತೋರಿಸಿದ್ದರು. ಅದು ನಡೆಯಿತು, ಇಂದಿಗೂ ನಡೆಯುತ್ತಿದೆ. ತೊಂದರೆ ಎಂದರೆ ವರ್ಷಗಳು ಕಳೆದಂತೆ ಪಾಲಿಥಿನ್ ಸವೆದು ಉದುರುವ ಕಣಗಳಿಗೆ ದೇಹ ಕೆರಳಿ ಸುತ್ತಲಿನ ಎಲುಬನ್ನೇ ಕರಗಿಸುತ್ತದೆ. ಬೂತ್ಯಾಂ ಚೆಂಡನ್ನೂ ಬಟ್ಟಲನ್ನೂ ಅಲ್ಯೂಮಿನಾ ಎಂಬ ಪಿಂಗಾಣಿಯಲ್ಲಿ ಮಾಡಿದರು. ಅಲ್ಯೂಮಿನಾ ಬಲು ಗಟ್ಟಿ ವಸ್ತು, ಸವೆತ ಅತ್ಯಲ್ಪ. ಆದರೆ ಅಂದಿನ ಅಲ್ಯೂಮಿನಾದ ಹರಳುಗಳು ದಪ್ಪ, ಒಳಗೆ ಸಣ್ಣ ಪೊಳ್ಳುಗಳು. ಕೆಲವು ಚೆಂಡುಗಳು ಮೈಯೊಳಗೇ ಸೀಳಿದವು.

ಈ ಸಮಸ್ಯೆಯನ್ನು ಬಿಡಿಸುವ ದಾರಿ ಹೊಳೆದದ್ದು ಆಸ್ಟ್ರೇಲಿಯಾದಲ್ಲಿ. 1975ರಲ್ಲಿ ರಾನ್ ಗಾರ್ವಿ ಮತ್ತು ಇಬ್ಬರು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹ ‘ಸೆರಾಮಿಕ್ ಉಕ್ಕು?’ ಎಂಬ ಪ್ರಶ್ನೆ. ಜಿರ್ಕೋನಿಯಾದ ಹರಳುಗಳು ಬಿಸಿಯಲ್ಲಿ ಒಂದು ರೂಪದಲ್ಲಿ, ತಣ್ಣಗಾದಾಗ ಇನ್ನೊಂದು ರೂಪದಲ್ಲಿ ಇರುತ್ತವೆ. ಇಟ್ರಿಯಾದಂಥ ಆಕ್ಸೈಡನ್ನು ಚಿಟಿಕೆಯಷ್ಟು ಬೆರೆಸಿದರೆ, ಬಿಸಿಯ ರೂಪವನ್ನೇ ತಣ್ಣಗಿನ ಸ್ಥಿತಿಯಲ್ಲೂ ಹಿಡಿದು ನಿಲ್ಲಿಸಬಹುದು. ಎಲ್ಲಾದರೂ ಒಂದು ಬಿರುಕು ಹೊರಟು ಆ ಹರಳುಗಳ ಹತ್ತಿರ ಬಂದಿತೆನ್ನಿ, ಅಲ್ಲಿನ ಬಿಗಿತ ಸಡಿಲಿ ಹರಳುಗಳು ಥಟ್ಟನೆ ತಮ್ಮ ತಣ್ಣಗಿನ ರೂಪಕ್ಕೆ ತಿರುಗುತ್ತವೆ. ತಿರುಗುವಾಗ ಸುಮಾರು ನೂರಕ್ಕೆ 4ರಷ್ಟು ಉಬ್ಬುತ್ತವೆ. ಆ ಉಬ್ಬರ ಬಿರುಕಿನ ತುದಿಯನ್ನು ಎರಡೂ ಕಡೆಯಿಂದ ಅದುಮಿ ಮುಂದೆ ಹೋಗದಂತೆ ತಡೆಯುತ್ತದೆ. ಕುರುಗೋಡಿನ ಹುಡುಗಿಯ ಹಲ್ಲಿನೊಳಗೂ ನಡೆಯುವುದು ಇದೇ. ಜೋಳದ ರೊಟ್ಟಿ ಕಚ್ಚಿದಾಗಲೆಲ್ಲ ಎಲ್ಲೋ ಒಂದು ಸೂಕ್ಷ್ಮ ಬಿರುಕು ಹೊರಡಲು ನೋಡುತ್ತದೆ, ಹರಳುಗಳು ಅದನ್ನು ಅಲ್ಲೇ ಹಿಡಿಯುತ್ತವೆ.

ಉಕ್ಕಿನ ಹೆಸರು ಬಂದಮೇಲೆ ತೋರಣಗಲ್ಲಿನ ಮಾತು ಬಿಡಲಾಗದು. ಬಳ್ಳಾರಿಯಿಂದ ಹೊಸಪೇಟೆ ದಾರಿ ಹಿಡಿದರೆ ಕುಡತಿನಿಯ ಬೂದಿದಿಬ್ಬ ದಾಟಿ ಸಿಗುವ, ಜಿಂದಾಲ್ ಉಕ್ಕಿನ ಕಾರ್ಖಾನೆಯ ಊರು ಅದು. ಇಂಥ ಕಾರ್ಖಾನೆಗಳಲ್ಲಿ ಕರಗಿದ ಉಕ್ಕು ಅಚ್ಚಿಗೆ ಇಳಿಯುವುದು ಅಲ್ಯೂಮಿನಾ ಮೂಲದ ಕೊಳವೆಯ ಮೂಲಕ. ಉಕ್ಕಿನ ಮೇಲೆ ತೇಲುವ ಕಿಟ್ಟ ಮುಟ್ಟುವ ಎತ್ತರದಲ್ಲಿ ಕೊಳವೆ ಬೇಗ ಸವೆಯುವುದರಿಂದ ಅಷ್ಟು ಭಾಗಕ್ಕೆ ಜಿರ್ಕೋನಿಯಾದ ಪಟ್ಟಿ ಕಟ್ಟುತ್ತಾರೆ. ಕರಗಿದ ಉಕ್ಕಿನ ಬಿಸಿಯೂ ಲ್ಯಾಬಿನಲ್ಲಿ ಹಲ್ಲು ಬೇಯುವ ಬಿಸಿಯೂ ಹತ್ತಿರ ಹತ್ತಿರ ಒಂದೇ. ಹಲ್ಲಿನ ಡಿಸ್ಕಿಗೆ ಬೇಕಾದ ಪುಡಿ ಎಷ್ಟೋ ಪಾಲು ಶುದ್ಧ, ಎಷ್ಟೋ ಪಾಲು ನುಣುಪು. ಅಷ್ಟು ಬಿಟ್ಟರೆ ಕುಲ ಒಂದೇ.

ಜಿರ್ಕೋನಿಯಾಕ್ಕೂ ಒಂದು ಶತ್ರುವಿದೆ, ಬಿಸಿನೀರಿನ ಹಬೆ. ತೇವ ತಾಗಿ ತಾಗಿ ಮೇಲ್ಮೈಯ ಹರಳುಗಳು ಬಿರುಕು ಬರದಿದ್ದರೂ ರೂಪ ಬದಲಿಸಿ ಒರಟಾಗುತ್ತವೆ. ಅದಕ್ಕೇ ವೈದ್ಯಕೀಯ ಜಿರ್ಕೋನಿಯಾವನ್ನು 134 ಡಿಗ್ರಿಯ ಹಬೆಯಲ್ಲಿ ಗಂಟೆಗಟ್ಟಲೆ ಇಟ್ಟು ಪರೀಕ್ಷಿಸುತ್ತಾರೆ. ಈ ಎಚ್ಚರಕ್ಕೆ ಜನ ಬೆಲೆ ತೆತ್ತಿದ್ದಾರೆ. ಫ್ರಾನ್ಸಿನ ಒಂದು ಕಾರ್ಖಾನೆ 1998ರ ಹೊತ್ತಿಗೆ ಸೊಂಟದ ಕೀಲಿನ ಜಿರ್ಕೋನಿಯಾ ಚೆಂಡುಗಳನ್ನು ಸುಡುವ ಹಳೆಯ ಕುಲುಮೆ ಬಿಟ್ಟು, ಸುರಂಗದಂಥ ಉದ್ದ ಕುಲುಮೆಗೆ ಬದಲಾಯಿಸಿತು. ಪುಡಿ ಅದೇ, ಆಕಾರ ಅದೇ. ಕೆಲವೇ ವರ್ಷಗಳಲ್ಲಿ ಆ ಕುಲುಮೆಯ ಚೆಂಡುಗಳು ಒಂದೊಂದಾಗಿ ಸೀಳತೊಡಗಿ, ನೂರಾರು ಜನ ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗಬೇಕಾಯಿತು. 2001ರಲ್ಲಿ ಅವನ್ನೆಲ್ಲ ವಾಪಸ್ ಕರೆಸಿದರು. ಶುದ್ಧ ಜಿರ್ಕೋನಿಯಾ ಚೆಂಡಿನ ಕಾಲ ಹೆಚ್ಚೂಕಡಿಮೆ ಅಲ್ಲಿಗೆ ಮುಗಿಯಿತು. ಸೆರಾಮಿಕ್‌ನಲ್ಲಿ ವಸ್ತುವಿಗಿಂತ ಸುಟ್ಟ ರೀತಿ ಮುಖ್ಯ ಎಂಬುದು ಕುಂಬಾರರಿಗೆ ಯಾವತ್ತೂ ಗೊತ್ತಿದ್ದ ಸತ್ಯ.

ಈಗ ಬಳ್ಳಾರಿಯ ಒಂದು ಆಪರೇಷನ್ ಥಿಯೇಟರಿಗೆ ಬನ್ನಿ. ಟೇಬಲ್ ಮೇಲೆ ಇರುವವನು ಸಿರುಗುಪ್ಪದ ರೈಸ್‌ಮಿಲ್ ಹಮಾಲಿ, ನಲವತ್ತು ದಾಟಿಲ್ಲ. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು, ಎಲುಬು ಸತ್ತು, ಕುಸಿದಿದೆ. ಡಾಕ್ಟರುಗಳು ಎವಿಎನ್ ಎನ್ನುತ್ತಾರೆ. ಸ್ಟೆರಾಯ್ಡ್, ಅತಿ ಕುಡಿತ, ಹಳೆಯ ಪೆಟ್ಟು, ಹೀಗೆ ಕಾರಣ ಹಲವು. ಕೋವಿಡ್ ಕಾಲದಲ್ಲಿ ಸ್ಟೆರಾಯ್ಡ್ ಪಡೆದವರಲ್ಲಿ ಕೆಲವರಿಗೂ ಬಂತು. ಪಶ್ಚಿಮದ ದೇಶಗಳಲ್ಲಿ ಕೀಲು ಬದಲಿಸಿಕೊಳ್ಳುವವರು ಬಹುಪಾಲು ಮುದುಕರು. ನಮ್ಮಲ್ಲಿ ಇಂಥ ದುಡಿಯುವ ವಯಸ್ಸಿನವರು ಬಹಳ. ಇನ್ನೂ ಮೂವತ್ತು ವರ್ಷ ನಡೆಯಬೇಕಾದ ಕಾಲಿಗೆ ಬೇಗ ಸವೆಯದ ಚೆಂಡೇ ಬೇಕು.

ಸತ್ತ ತಲೆಯನ್ನು ತೆಗೆದಾಗಿದೆ. ಎಲುಬಿನ ಕೊಳವೆಯೊಳಗೆ ಟೈಟಾನಿಯಂ ಕಾಂಡ ಇಳಿದಿದೆ. ಅದರ ಮೈಗೆ ತೆಳುವಾಗಿ, ಒರಟಾಗಿ ಬಿಳಿ ಲೇಪ, ಅದೂ ಹೈಡ್ರಾಕ್ಸಿಅಪಟೈಟ್. ಎಲುಬು ಅದನ್ನು ತನ್ನದೇ ಎಂದುಕೊಂಡು ಬೆಳೆದು ಅಪ್ಪಿಕೊಳ್ಳುತ್ತದೆ. ಕಾಂಡದ ಕುತ್ತಿಗೆ ಮಾತ್ರ ಹೊರಗೆ. ಸಿಸ್ಟರ್ ಪೆಟ್ಟಿಗೆ ಒಡೆದು, ಒಳಗಿನ ಎರಡನೇ ಕವರು ತೆರೆದು ಟ್ರೇ ಮೇಲೆ ಜಾರಿಸುತ್ತಾರೆ. ಗುಲಾಬಿ ಬಣ್ಣದ ಚೆಂಡು. 36 ಮಿಲಿಮೀಟರ್. ನೀಲಿ ಬಟ್ಟೆ, ಬಿಳಿ ಗಾಜ್, ಕೆಂಪು ರಕ್ತದ ನಡುವೆ ಆ ಬಣ್ಣ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಬಹುಪಾಲು ಅಲ್ಯೂಮಿನಾ, ಅದರೊಳಗೆ ಬಿರುಕು ಹಿಡಿಯಲು ಜಿರ್ಕೋನಿಯಾ ಹರಳುಗಳು. ಗುಲಾಬಿ ಬಣ್ಣ ಬೆರೆಸಿದ ಕ್ರೋಮಿಯಂ ಆಕ್ಸೈಡಿನದು. ಜಗತ್ತಿನಲ್ಲಿ ಹಾಕುವ ಇಂಥ ಚೆಂಡುಗಳಲ್ಲಿ ಬಹುಪಾಲು ಜರ್ಮನಿಯ ಸೆರಾಮ್‌ಟೆಕ್ ಕಂಪನಿಯವು. ಕಾರ್ಖಾನೆ ಬಿಡುವ ಮುಂಚೆ ಒಂದೊಂದು ಚೆಂಡನ್ನೂ ಒತ್ತಡಕ್ಕೆ ಒಡ್ಡುತ್ತಾರೆ, ದುರ್ಬಲವಾದದ್ದು ಅಲ್ಲೇ ಒಡೆಯಲಿ ಎಂದು.

ಸರ್ಜನ್ ಕುತ್ತಿಗೆಯನ್ನು ಒಣ ಗಾಜ್‌ನಿಂದ ಒರೆಸುತ್ತಾರೆ. ಬೆಳಕಿಗೆ ಬಗ್ಗಿ ನೋಡಿ ಮತ್ತೆ ಒರೆಸುತ್ತಾರೆ. ಅಲ್ಲೊಂದು ಎಲುಬಿನ ಚೂರೋ ಹೆಪ್ಪಾದ ರಕ್ತದ ಹನಿಯೋ ಉಳಿದರೆ, ಇಡೀ ಮೈಭಾರ ಆ ಒಂದೇ ಬಿಂದುವಿನ ಮೇಲೆ ಬಿದ್ದು ಎಂದೋ ಒಂದು ದಿನ ಚೆಂಡು ಸೀಳಬಹುದು. ಚೆಂಡನ್ನು ಕೈಯಿಂದಲೇ ಕೂರಿಸಿ, ಒತ್ತಿ ತಿರುಗಿಸಿ, ಪ್ಲಾಸ್ಟಿಕ್ ತಲೆಯ ಸಲಕರಣೆ ಇಟ್ಟು ಮೇಲಿಂದ ಒಂದು ಪೆಟ್ಟು. ಲೋಹದ ಸುತ್ತಿಗೆ ಚೆಂಡಿಗೆ ನೇರ ತಾಗುವಂತಿಲ್ಲ. ಆಮೇಲೆ ಕಾಲನ್ನು ಎಳೆದು ಚೆಂಡನ್ನು ಬಟ್ಟಲಿಗೆ ಇಳಿಸುತ್ತಾರೆ.

ಅವನ ಹೆಂಡತಿ ಹಿಂದಿನ ದಿನ ವಾರ್ಡಿನಲ್ಲಿ ಕೇಳಿದ್ದಳು: “ಆ ಬಾಲು ಕಬ್ಬಿಣದ್ದಾ, ಗಾಜಿಂದಾ ಡಾಕ್ಟ್ರೇ? ಬಿದ್ರ ಒಡೀತೈತೇನು?”

“ಗಾಜಲ್ಲಮ್ಮ, ಪಿಂಗಾಣಿ ಜಾತೀದು. ಒಡೆಯೋದು ಬಲು ಅಪರೂಪ. ಆದ್ರ ಚೀಲ ಹೊರೋದು ಇನ್ನ ಬ್ಯಾಡ. ಕುಕ್ಕರಗಾಲ್ಲೆ ಕೂಡೋದೂ ಬ್ಯಾಡ. ಮನ್ಯಾಗ ಕಮೋಡ್ ಮಾಡ್ಸಿಕೊಳ್ರಿ.”

ಚೀಲ ಹೊರದ ಹಮಾಲಿ ಏನು ಮಾಡಬೇಕು ಎಂಬ ಪ್ರಶ್ನೆಗೆ ಯಾವ ಸೆರಾಮಿಕ್ಕೂ ಉತ್ತರವಲ್ಲ. ಖರ್ಚಿನ ಪ್ರಶ್ನೆಯೂ ಹಾಗೇ ಬೆನ್ನು ಹತ್ತುತ್ತದೆ. ಮಂಡಿಯ ಕೃತಕ ಕೀಲಿನ ವಿಷಯದಲ್ಲಿ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಬೆಲೆಗೆ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಜೋಡಣೆಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ. ಜಿರ್ಕೋನಿಯಂ ಲೋಹವನ್ನು ಗಾಳಿಯಲ್ಲಿ ಕಾಯಿಸಿ, ಮೇಲ್ಮೈಯನ್ನು ಮಾತ್ರ ಕೆಲವು ಮೈಕ್ರಾನ್ ಆಳದವರೆಗೆ ಸೆರಾಮಿಕ್ ಆಗಿಸಿದ ಕಪ್ಪು ಬಣ್ಣದ ಜೋಡಣೆಗೆ ಆಗ 76,600. ಅದಕ್ಕೆ ಮುಂಚೆ ಕೇಳಿದಷ್ಟು ಕೊಡಬೇಕಿತ್ತು. ಸಿರುಗುಪ್ಪದ ಒಂದು ಎಕರೆ ಭತ್ತದ ಲಾಭದೊಂದಿಗೆ ಇವನ್ನು ತೂಗಿ ನೋಡಿದರೆ, ರೈತ ಕುಟುಂಬಗಳು ಕೀಲುನೋವನ್ನು ಯಾಕೆ ವರ್ಷಗಟ್ಟಲೆ ಎಣ್ಣೆ ಹಚ್ಚಿ ತಡೆದುಕೊಳ್ಳುತ್ತವೆ ಎಂಬುದು ಅರ್ಥವಾಗುತ್ತದೆ. ಬಳ್ಳಾರಿ ಕಂಟೋನ್ಮೆಂಟಿನ ವೈದ್ಯಕೀಯ ಕಾಲೇಜು 1961ರಲ್ಲಿ ಶುರುವಾಯಿತು. ಹೆಸರು ಬದಲಾದರೂ ಜನ ಈಗಲೂ ‘ವಿಮ್ಸ್’ ಎಂದೇ ಕರೆಯುವ ಆ ಆವರಣಕ್ಕೆ, ಬೆಳಗಿನ ಮೊದಲ ಬಸ್ಸಿಗೆ ಸುತ್ತಲ ಹಳ್ಳಿಗಳಿಂದ ಊರುಗೋಲು ಊರಿಕೊಂಡು ಬರುವ ತಾತಂದಿರ ಸಾಲೇ ಆ ನೋವಿಗೆ ಸಾಕ್ಷಿ. ನಮ್ಮ ನೆಲದಲ್ಲೇ ಇಂಥ ಸೆರಾಮಿಕ್ ಚೆಂಡು ತಯಾರಾಗಬೇಕು ಎಂಬ ಪ್ರಯತ್ನ ನಡೆದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಂಜಿತ್ ಬಸು ಮತ್ತು ಅವರ ತಂಡ, ಕೋಲ್ಕತ್ತದ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಬಹುಕಾಲದಿಂದ ಜೈವಿಕ ಸೆರಾಮಿಕ್‌ಗಳ ಮೇಲೆ ದುಡಿದಿವೆ. ಬೆಳಗಾವಿಯಲ್ಲಿ ಅಲ್ಯೂಮಿನಾ ಶುದ್ಧೀಕರಿಸುವ ದೊಡ್ಡ ಕಾರ್ಖಾನೆಯೇ ಇರುವ ನಾಡಿನಲ್ಲಿ ಇದು ಅತಿಯಾಸೆಯಲ್ಲ.

ದೇಹದೊಳಗೆ ಉಳಿಯದ, ಸಲಕರಣೆಗಳಲ್ಲಿ ಮಾತ್ರ ಅಡಗಿರುವ ಸೆರಾಮಿಕ್ ಇನ್ನೂ ಹತ್ತಿರದ್ದು. ಸಿರುಗುಪ್ಪದ ಒಂದು ಸ್ಕ್ಯಾನಿಂಗ್ ಕೋಣೆ. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು. ಬಸುರಿಯ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ ಡಾಕ್ಟರಮ್ಮ ಪ್ರೋಬ್ ಇಡುತ್ತಾರೆ. ಅದರ ಮೂತಿಯೊಳಗೆ ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಸೆರಾಮಿಕ್‌ನ ನೂರಾರು ಸಣ್ಣ ಪಟ್ಟಿಗಳು ಸಾಲಾಗಿ ನಿಂತಿವೆ. ವಿದ್ಯುತ್ ತಾಗಿದರೆ ಸೆಕೆಂಡಿಗೆ ಸುಮಾರು 35 ಲಕ್ಷ ಸಲ ಕಂಪಿಸುತ್ತವೆ. ಮಗುವಿನಿಂದ ಮರಳಿದ ದನಿ ತಾಗಿದಾಗ ಅದನ್ನೇ ಮತ್ತೆ ವಿದ್ಯುತ್ ಆಗಿಸುತ್ತವೆ. ಪ್ರೋಬ್ ಕೈಜಾರಿ ನೆಲಕ್ಕೆ ಬಿದ್ದರೆ ಕೆಲವು ಪಟ್ಟಿಗಳು ಸೀಳಿ, ತೆರೆಯ ಮೇಲೆ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ ನಿಲ್ಲುತ್ತದೆ. ಅದಕ್ಕೇ ಡಾಕ್ಟರಮ್ಮ ಒಂದು ಕೈಯಲ್ಲಿ ಬರೆಯುವಾಗಲೂ ಇನ್ನೊಂದು ಕೈಯಿಂದ ಪ್ರೋಬನ್ನು ಬಿಡುವುದಿಲ್ಲ. ಕಣ್ಣಿನ ಪೊರೆಯನ್ನು ಪುಡಿಮಾಡುವ ಫೇಕೋ ಸೂಜಿಯ ಹಿಂದೆಯೂ, ರಕ್ತನಾಳವನ್ನು ಕತ್ತರಿಸುತ್ತಲೇ ಬೆಸೆಯುವ ಹಾರ್ಮಾನಿಕ್ ಕತ್ತರಿಯ ಹಿಡಿಯಲ್ಲೂ ಇದೇ ಬಗೆಯ ಕಂಪಿಸುವ ಸೆರಾಮಿಕ್ ಇದೆ. ಪ್ರಾಸ್ಟೇಟ್ ಕೊರೆಯುವ ದುರ್ಬೀನಿನ ಮೂತಿಗೆ ವಿದ್ಯುತ್ ಹಾಯದಂತೆ ಪಿಂಗಾಣಿಯ ತುದಿ ಹಾಕಿರುತ್ತಾರೆ. ಅನುಭವಿ ಸಿಸ್ಟರುಗಳು ಟ್ರೇಗೆ ಇಡುವ ಮುಂಚೆ ಬೆರಳು ಸವರಿ ಎಲ್ಲಾದರೂ ಚಕ್ಕೆ ಎದ್ದಿದೆಯೇ ಎಂದು ನೋಡುತ್ತಾರೆ.

ಆ ಹಮಾಲಿಯ ಆಪರೇಷನ್ ಮುಗಿದ ಮೇಲೆ ಚೆಂಡಿನ ಪೆಟ್ಟಿಗೆಯೊಳಗಿನ ಸ್ಟಿಕರ್‌ಗಳನ್ನು ಸಿಸ್ಟರ್ ಕಿತ್ತು ಕೇಸ್‌ಶೀಟಿಗೆ ಅಂಟಿಸಿದರು. ಒಂದನ್ನು ಡಿಸ್ಚಾರ್ಜ್ ಹಾಳೆಗೂ ಅಂಟಿಸಿದರು. ಕಂಪನಿ, ಅಳತೆ, ಬ್ಯಾಚ್, ಆ ಒಂದೇ ಚೆಂಡಿಗೆ ಸೇರಿದ ಸಂಖ್ಯೆ. 2001ರಲ್ಲಿ ಯಾರ ಮೈಯಲ್ಲಿ ಯಾವ ಕುಲುಮೆಯ ಚೆಂಡಿದೆ ಎಂದು ಹುಡುಕಲು ಆಧಾರವಾದದ್ದು ಇಂಥ ಬ್ಯಾಚ್ ಸಂಖ್ಯೆಗಳೇ. ಸ್ಟಿಕರ್ ಜೋಪಾನ ಮಾಡಲು ಇನ್ನೂ ಒಂದು ಕಾರಣವಿದೆ. ಅಪರೂಪಕ್ಕೆ ಸೆರಾಮಿಕ್ ಚೆಂಡು ಒಡೆದರೆ ಅದರ ಸಣ್ಣ ಚೂರುಗಳು ಎಷ್ಟು ತೊಳೆದರೂ ಕೀಲಿನಲ್ಲಿ ಉಳಿಯುತ್ತವೆ. ಆಗ ಲೋಹದ ಚೆಂಡು ಹಾಕಿದರೆ ಚೂರುಗಳು ಅದನ್ನು ತೇಯ್ದು ಹಾಳುಮಾಡುತ್ತವೆ. ಮತ್ತೆ ಸೆರಾಮಿಕ್ ಚೆಂಡನ್ನೇ ಹಾಕಬೇಕು. ಮುಂದೆಂದೋ ಬೇರೆ ಊರಿನ ಡಾಕ್ಟರಿಗೆ ಒಳಗೆ ಇದ್ದದ್ದು ಏನೆಂದು ಹೇಳಬಲ್ಲುದು ಈ ಹೆಬ್ಬೆರಳಗಲದ ಕಾಗದ ಮಾತ್ರ.

“ಈ ಚೀಟಿ ಕಳೀಬ್ಯಾಡಮ್ಮ,” ಎಂದರು ಸರ್ಜನ್ ಡಿಸ್ಚಾರ್ಜ್ ದಿನ. “ರೇಷನ್ ಕಾರ್ಡಿನ ಕವರ್‌ನಾಗ ಇಡು. ಒಂದು ಫೋಟೋ ತಗದು ಮಗನ ಫೋನಿನಾಗೂ ಇಟ್ಕೊಳ್ರಿ.”